ಪಲೆರ್ಮೋಗೆ ಹೋಗ್ತೀರಾ? ಮೊದಲು ಲಿಫ್ಟ್ ಇದೆಯಾ ಅಂತ ಕೇಳಿ

ರೂಮ್ ಬುಕ್ ಮಾಡುವಾಗ ಫೋಟೋ, ರೇಟಿಂಗ್ ಎಲ್ಲಾ ನೋಡಿದ್ದೆ, ಲಿಫ್ಟ್ ಒಂದನ್ನು ಬಿಟ್ಟು. ಇಟಲಿಯ ಸಿಸಿಲಿ ದ್ವೀಪದಲ್ಲಿರುವ ಪಲೆರ್ಮೋದ ಹಳೇ ಕಟ್ಟಡಗಳಲ್ಲಿ ಮೂರನೇ ಮಹಡಿ ಅಂದರೆ ನಮ್ಮೂರಿನ ಮೂರನೇ ಮಹಡಿ ಅಲ್ಲ, ಒಂದೊಂದು ಅಂತಸ್ತೂ ಕಲ್ಯಾಣ ಮಂಟಪದಷ್ಟು ಎತ್ತರ. ರಾತ್ರಿ 11ಕ್ಕೆ ಎರಡು ಸೂಟ್‌ಕೇಸ್ ಹೊತ್ತು 94 ಮೆಟ್ಟಿಲು ಹತ್ತಿದೆವು. ಎಣಿಸಿದ್ದು ನನ್ನ ಹೆಂಡತಿ, ಆಮೇಲೆ ಹೇಳಿ ತೋರಿಸೋಕೆ. ಮೇಲೆ ಹೋದರೆ ಮನೆಯಾತ ತಡವಾಗಿ ಬಂದಿದ್ದಕ್ಕೆ 20 ಯೂರೋ ಕೊಡಿ, ಪ್ರವಾಸಿಗರಿಗೆ ಹಾಕುವ ಊರಿನ ತೆರಿಗೆ ಬೇರೆ, ಎರಡೂ ಕ್ಯಾಶ್ ಅಂದ. ತೆರಿಗೆ ನಿಜ, ಇಟಲಿಯ ಎಷ್ಟೋ ಊರುಗಳಲ್ಲಿದೆ. ಆ 20 ಯೂರೋ ಮಾತ್ರ ಎಲ್ಲೂ ಬರೆದಿರಲಿಲ್ಲ.

ಸಿಟ್ಟು ಇಳಿದದ್ದು ಮರುದಿನ ಬಲ್ಲಾರೋ ಸಂತೆಯಲ್ಲಿ, ಪನೆಲ್ಲೆ ತಿಂದ ಮೇಲೆ. ಕಡಲೆಹಿಟ್ಟನ್ನು ನೀರಲ್ಲಿ ಗಟ್ಟಿಯಾಗಿ ಬೇಯಿಸಿ, ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿ ಎಣ್ಣೆಗೆ ಬಿಡುತ್ತಾರೆ. ಎಳ್ಳು ಮೆತ್ತಿದ ಬನ್ನಿನೊಳಗೆ ನಾಲ್ಕೈದು ಹೋಳು ಇಟ್ಟು, ನಿಂಬೆಹಣ್ಣು ಹಿಂಡಿ, ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟರು. 3 ಯೂರೋ. ಖಾರ ಹಾಕೋದು ಮರೆತ ಬಜ್ಜಿ ಅನ್ನಿ, ಆದರೆ ಅಂಚು ಗರಿಗರಿ, ಒಳಗೆ ಬೆಣ್ಣೆಯ ಹಾಗೆ ಮೆತ್ತಗೆ. ನಿಂತಲ್ಲೇ ಇನ್ನೊಂದು ಹೇಳಿದೆ. ಪಕ್ಕದಲ್ಲೇ ಕಪೊನಾತಾ ಸಿಗುತ್ತದೆ, ನಮ್ಮ ಬದನೆಕಾಯಿ ಗೊಜ್ಜಿನ ದಾಯಾದಿ: ಹುಣಸೆಗೆ ಬದಲು ವಿನೆಗರ್, ಬೆಲ್ಲಕ್ಕೆ ಬದಲು ಸಕ್ಕರೆ. ಕುರ್ಚಿ ಮೇಜು ಇರುವ ಹೋಟೆಲಲ್ಲಿ ಕೂತರೆ ತಲೆಗಿಷ್ಟು ಅಂತ ‘ಕೊಪೆರ್ತೊ’ ಬಿಲ್ಲಿಗೆ ಸೇರುತ್ತದೆ. ಸುಮ್ನೆ ಯಾಕೆ? ನಾವು ಮೂರು ದಿನ ನಿಂತೇ ತಿಂದೆವು.

ನೋಡಲೇಬೇಕಾದ್ದು ನಾರ್ಮನ್ ಅರಮನೆಯೊಳಗಿನ ಕಪ್ಪೆಲ್ಲಾ ಪಲಾತೀನಾ. 1130ರಲ್ಲಿ ಸಿಸಿಲಿಯ ರಾಜನಾದ ಎರಡನೇ ರೋಜರ್ ಕಟ್ಟಿಸಿದ ಪುಟ್ಟ ಚರ್ಚು. ಎಲ್ಲರೂ ಗೋಡೆಯ ಚಿನ್ನದ ಮೊಸಾಯಿಕ್‌ಗೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ನೀವು ಛಾವಣಿ ನೋಡಿ. ಜೇನುಗೂಡಿನ ಹಾಗೆ ಕೆತ್ತಿದ ಮರ, ಥೇಟ್ ಅರಬ್ಬರ ಶೈಲಿ, ಅದರ ತುಂಬಾ ಬಣ್ಣದ ಚಿತ್ರಗಳು. ವಾದ್ಯ ನುಡಿಸುವವರು, ಬಟ್ಟಲು ಹಿಡಿದು ಕುಡಿಯುವವರು, ಒಂದು ಕಡೆ ಇಬ್ಬರು ಚದುರಂಗ ಆಡುತ್ತಿದ್ದಾರೆ, ಅದೂ ಚರ್ಚಿನಲ್ಲಿ! ಬರಿಗಣ್ಣಿಗೆ ಕಾಣಿಸೋದು ಕಷ್ಟ, ಪುಟ್ಟ ದುರ್ಬೀನು ಇದ್ದರೆ ಒಯ್ಯಿರಿ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಆಮೇಲೆ ಟೂರ್ ಗುಂಪುಗಳು ನುಗ್ಗುತ್ತವೆ. ನನಗಂತೂ ಆ ನೂಕುನುಗ್ಗಲು ಆಗೋದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಅರಂಚೀನಾ ಅಂತ ಕಿತ್ತಳೆ ಹಣ್ಣಿನ ಗಾತ್ರದ ಅನ್ನದ ಉಂಡೆ ಎಲ್ಲಾ ಕಡೆ ಇರುತ್ತದೆ. ಅದರಲ್ಲಿ ‘ಬುರ್ರೋ’ ಅಂದರೆ ಬೆಣ್ಣೆಯದು, ನಮ್ಮದೇ ಅಂತ ಕಚ್ಚಬೇಡಿ, ಸಾಮಾನ್ಯವಾಗಿ ಒಳಗೆ ಹ್ಯಾಮ್, ಅಂದರೆ ಹಂದಿಮಾಂಸ ಇರುತ್ತದೆ. ಅಲ್ಲಿನ ಕೆಲವರ ಲೆಕ್ಕದಲ್ಲಿ ಹ್ಯಾಮ್ ಮಾಂಸವೇ ಅಲ್ಲ, ಹಾಗಾಗಿ ‘ಸೆನ್ಸಾ ಕಾರ್ನೆ’ (ಮಾಂಸ ಬೇಡ) ಅಂದ ಮೇಲೆ ‘ಸೆನ್ಸಾ ಪ್ರೊಶೂಟ್ಟೊ’ (ಹ್ಯಾಮ್ ಬೇಡ) ಅಂತಲೂ ಬಿಡಿಸಿ ಹೇಳಿ.