ಪರಿಹಾರ ಬರೋದು ಪಹಣಿಗೆ, ಹೊಲ ಮಾಡೋರಿಗಲ್ಲ

ಬರ ಪರಿಹಾರದ ಲಿಸ್ಟ್ ಊರುವಾರು ಆನ್‌ಲೈನಲ್ಲೇ ಸಿಗುತ್ತೆ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಸೆಲೆಕ್ಟ್ ಮಾಡಿದ್ರೆ ಹೆಸರುಗಳು ಸಾಲಾಗಿ ಬರ್ತವೆ, ಪಿಎಂ ಕಿಸಾನ್ ಲಿಸ್ಟೂ ಹಂಗೇ ನೋಡಬಹುದು. ನಮ್ದು ಚಳ್ಳಕೆರೆ ತಾಲ್ಲೂಕು, ಮಳೆ ನಂಬ್ಕೊಂಡು ಶೇಂಗಾ ಹಾಕೋ ಸೀಮೆ. 2023ರ ಬರದ ಲಿಸ್ಟ್ ತೆಗೆದು ನೋಡಿ, ಬೆಂಗಳೂರಲ್ಲಿ ಮನೆ ಕಟ್ಕೊಂಡು ಮಾರಮ್ಮನ ಜಾತ್ರೆಗಷ್ಟೇ ಊರಿಗೆ ಬರೋರ ಹೆಸರೆಲ್ಲಾ ಇದೆ, ಅವರ ಹೊಲದಲ್ಲಿ ಬಿತ್ತಿ ಬೀಜದ ದುಡ್ಡೂ ಹುಟ್ಟದೆ ಕೂತೋರ ಹೆಸರಿಲ್ಲ.

ಆ ವರ್ಷ ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆಗಿತ್ತು. ರಾಜ್ಯ ಸರ್ಕಾರ ಮೊದ್ಲು 2 ಸಾವಿರದವರೆಗೂ ಹಾಕ್ತು, ಕೇಂದ್ರದ ದುಡ್ಡಿಗೆ ಸುಪ್ರೀಂ ಕೋರ್ಟಿಗೇ ಹೋಗ್ಬೇಕಾಯ್ತು, 2024ರ ಏಪ್ರಿಲ್‌ನಲ್ಲಿ ಮೂರೂವರೆ ಸಾವಿರ ಕೋಟಿ ಹತ್ರ ಬಿಡುಗಡೆ ಆಯ್ತು. ಲೆಕ್ಕ ಏನಪ್ಪಾ ಅಂದ್ರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ಅದೂ ಎರಡು ಹೆಕ್ಟೇರ್ ತನಕ ಮಾತ್ರ. ಎಕರೆಗೆ ಮೂರೂವರೆ ಸಾವಿರಾನೂ ಪೂರ್ತಿ ಬೀಳಲ್ಲ. ಶೇಂಗಾ ಬೀಜ, ಟ್ರ್ಯಾಕ್ಟರ್ ಬಾಡಿಗೆ, ಕಳೆ ತೆಗೆಯೋ ಕೂಲಿ ಲೆಕ್ಕ ಹಾಕಿದ್ರೆ ಅದು ಯಾವ ಮೂಲೆಗೂ ಸಾಲಲ್ಲ. ಆದ್ರೂ ಆ ಅಷ್ಟು ದುಡ್ಡಾದ್ರೂ ನಷ್ಟ ಆದೋರಿಗೆ ತಾನೆ ಸೇರಬೇಕು?

ಸೇರಲ್ಲ, ಯಾಕಂದ್ರೆ ಎಫ್‌ಐಡಿ ಅನ್ನೋ ರೈತರ ಗುರುತಿನ ನಂಬರ್ ಆಗೋದು ಪಹಣಿ ಅನ್ನೋ ಹೊಲದ ದಾಖಲೆ ಮೇಲೆ, ಪಹಣಿ ಇರೋದು ಮಾಲೀಕನ ಹೆಸರಲ್ಲಿ. ಕೋರಿಗೆ (ಅಂದ್ರೆ ಬೆಳೆಯಲ್ಲಿ ಪಾಲು ಕೊಟ್ಟು), ಗುತ್ತಿಗೆಗೆ ಮಾಡೋರ ಹತ್ರ ಒಂದು ತುಂಡು ಪೇಪರೂ ಇರಲ್ಲ. ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ, ಉಳುವವನೇ ಹೊಲದೊಡೆಯ ಅಂತ ಕಾನೂನು ತಂದು ಗೇಣಿ ಪದ್ಧತೀನೇ ತೆಗೆದುಹಾಕಿದ್ರು. ಅದ್ರಿಂದ ಎಷ್ಟೋ ಮನೆ ಬದುಕಿದ್ವು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಈಗ ಬರವಣಿಗೆಯಲ್ಲಿ ಗುತ್ತಿಗೆ ಅನ್ನೋದೇ ಇಲ್ಲ, ಎಲ್ಲಾ ಬಾಯಿಮಾತಲ್ಲಿ ನಡೀತದೆ, ಬರೆದುಕೊಟ್ರೆ ಎಲ್ಲಿ ಹೊಲ ಹೋಗುತ್ತೋ ಅಂತ ಮಾಲೀಕರಿಗೆ ಇವತ್ತಿಗೂ ಭಯ.

ಬೆಳೆ ಸಮೀಕ್ಷೆಗೆ ಬರೋ ಹುಡುಗ ಹೊಲದಲ್ಲಿ ನಿಂತು ಆ್ಯಪಲ್ಲಿ ಸರ್ವೆ ನಂಬರ್ ಆರಿಸ್ತಾನೆ, ಮಾಲೀಕನ ಹೆಸರು ತಾನಾಗೇ ಬರುತ್ತೆ, ಶೇಂಗಾ ಅಂತ ಒತ್ತಿ ಫೋಟೋ ಹೊಡ್ಕೊಂಡು ಮುಂದಿನ ಬದುವಿಗೆ ಹೋಗ್ತಾನೆ. ಕೋರಿಗೆ ಮಾಡೋ ಅಕ್ಕ ಕುಡುಗೋಲು ಹಿಡ್ಕೊಂಡು ಅಲ್ಲೇ ಪಕ್ಕದಲ್ಲಿ ನಿಂತಿರ್ತಾಳೆ, "ಸ್ವಲ್ಪ ಆ ಕಡೆ ಹೋಗಕ್ಕಾ, ಫೋಟೋಗೆ ಅಡ್ಡ ಬರ್ತೀಯ" ಅಂತಾನೆ ಅಷ್ಟೇ.

ಪಿಎಂ ಕಿಸಾನ್ ಕಥೆನೂ ಬೇರೆ ಅಲ್ಲ. 2019ರಲ್ಲಿ ಶುರುವಾದಾಗ ಕೇಂದ್ರದ್ದು 6 ಸಾವಿರ, ಯಡಿಯೂರಪ್ಪ ಅದಕ್ಕೆ 4 ಸಾವಿರ ಸೇರಿಸಿದ್ರು, 2023ರಲ್ಲಿ ಸರ್ಕಾರ ಬದಲಾದ್ಮೇಲೆ ಆ 4 ಸಾವಿರ ನಿಂತ್ಹೋಯ್ತು. ತಾತನ ಹೆಸರಲ್ಲೇ ಪಹಣಿ ಇಟ್ಕೊಂಡು ಪೌತಿ ಖಾತೆ, ಅಂದ್ರೆ ತೀರಿಹೋದೋರ ಹೊಲ ವಾರಸುದಾರರ ಹೆಸರಿಗೆ, ಮಾಡಿಸದೇ ಇರೋರಿಗೆ, ಸ್ವಂತ ಹೊಲ ಇದ್ರೂ, ಕೇಂದ್ರದ ಆ 6 ಸಾವಿರಾನೂ ಇಲ್ಲ.

ಮಾಲೀಕರನ್ನ ಕೇಳಬಹುದಲ್ಲ ಅಂತೀರಾ? ಕೆಲವರು ಅರ್ಧ ಕೊಡ್ತಾರೆ, ಒಳ್ಳೇರಿದ್ದಾರೆ. ಇನ್ನು ಕೆಲವರನ್ನ ಕೇಳಿದ್ರೆ ಮುಂದಿನ ವರ್ಷ ಹೊಲ ಬೇರೆಯವರ ಪಾಲಾಗುತ್ತೆ, ಹಂಗಾಗಿ ಹೊಲ ಮಾಡೋರು ಬಾಯಿ ಮುಚ್ಕೊಂಡಿರ್ತಾರೆ.

ನಮ್ಮ ಪರಶುರಾಂಪುರ ದಾಟಿದ್ರೆ ಆಂಧ್ರ. ಅಲ್ಲಿ 2019ರಲ್ಲೇ ಗುತ್ತಿಗೆ ರೈತರಿಗೆ 11 ತಿಂಗಳ ಕಾರ್ಡ್ ಕೊಡೋ ಕಾನೂನು ಮಾಡಿದ್ರು, ಭೂಮಿ ಮೇಲೆ ಹಕ್ಕು ಬರಲ್ಲ, ಸಾಲ ಪರಿಹಾರಕ್ಕಷ್ಟೇ. ಆದ್ರೆ ಮಾಲೀಕನ ಸಹಿ ಬೇಕು ಅಂತ ಇಟ್ರು, ಸಹಿ ಹಾಕೋಕೆ ಅಲ್ಲೂ ಹಿಂದೆಮುಂದೆ ನೋಡ್ತಾರೆ. ನಮ್ಮಲ್ಲಿ ಹೆಂಗಿದ್ರೂ ಹುಡುಗ ಹೊಲಕ್ಕೇ ಬರ್ತಾನೆ, ಆ್ಯಪಲ್ಲಿ ಇನ್ನೊಂದು ಕಾಲಂ ಇಟ್ಟು ಈ ಸಲ ಹೊಲ ಮಾಡ್ತಿರೋದು ಯಾರು, ಅವರ ಆಧಾರ್ ಎಷ್ಟು ಅಂತ ಕೇಳ್ಕೊಂಡು, ಆ ಒಂದು ಬೆಳೆಗೆ ಮಾತ್ರ ಪರಿಹಾರ ಅವರ ಅಕೌಂಟಿಗೆ ಹಾಕೋಕೆ ಸರ್ಕಾರಕ್ಕೆ ಏನ್ ಕಷ್ಟ?