ಟ್ಯಾಂಕಿನ ಪಾಚಿಗೂ ಗೊಬ್ಬರ, ಕೊಯ್ಲು

ಉಪ್ಪುನೀರಿನ ಟ್ಯಾಂಕಿನಲ್ಲಿ ಕಡಲಪಾಚಿ ಬಿಳಚಿಕೊಂಡರೆ ಎಲ್ಲರೂ ಮೊದಲು ಲೈಟನ್ನು ದೂರುತ್ತಾರೆ. ಇನ್ನೊಂದು ಎಲ್‌ಇಡಿ ಸೇರಿಸಿದ ಮೇಲೆ ಅದು ಮತ್ತಷ್ಟು ಬಿಳಚುತ್ತದೆ. ಲೈಟಿಗೆ ಕೈ ಹಾಕುವ ಮೊದಲು ನೈಟ್ರೇಟ್ ಟೆಸ್ಟ್ ಮಾಡಿ. ಸೊನ್ನೆ ಬಂದರೆ ಪಾಚಿ ಉಪವಾಸ ಬಿದ್ದಿದೆ ಎಂದೇ ಅರ್ಥ. ಮೀನಿನ ಹೊಲಸನ್ನು ಹೀರಿಕೊಳ್ಳಲಿ ಎಂದು ನಾವು ಪಾಚಿ ಇಡುತ್ತೇವೆ ನಿಜ, ಆದರೆ ಹೀರಲು ಏನಾದರೂ ಉಳಿದಿರಬೇಕಲ್ಲ. ನೈಟ್ರೇಟ್ 5ರಿಂದ 10 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ), ಫಾಸ್ಫೇಟ್ 0.05ರಿಂದ 0.1 ಪಿಪಿಎಂ ಇದ್ದರೆ ಬೆಳವಣಿಗೆ ನಿಲ್ಲುವುದಿಲ್ಲ.

ಸಾಮಾನ್ಯವಾಗಿ ಮೊದಲು ಖಾಲಿಯಾಗುವುದು ನೈಟ್ರೇಟ್. ಕಡಲಪಾಚಿಯ ಮೈಯಲ್ಲಿ ಸರಾಸರಿ ಒಂದು ರಂಜಕದ ಪರಮಾಣುವಿಗೆ 30 ಸಾರಜನಕದ ಪರಮಾಣು ಇರುತ್ತವೆ. ಟೆಸ್ಟ್ ಕಿಟ್‌ನ ಲೆಕ್ಕದಲ್ಲಿ ಹೇಳುವುದಾದರೆ, 1 ಪಿಪಿಎಂ ಫಾಸ್ಫೇಟ್ ಇಳಿಯುವಷ್ಟರಲ್ಲಿ ಸುಮಾರು 20 ಪಿಪಿಎಂ ನೈಟ್ರೇಟ್ ಕರಗಿರುತ್ತದೆ. ನೈಟ್ರೇಟ್ ಮುಗಿದು ಫಾಸ್ಫೇಟ್ ಮಾತ್ರ ಉಳಿದಾಗ ಪಾಚಿ ಸುಮ್ಮನಾಗುತ್ತದೆ, ಮರಳಿನ ಮೇಲೆ ಕೆಂಪು ಲೋಳೆ ಹಬ್ಬತೊಡಗುತ್ತದೆ.

ಇದಕ್ಕೆ ಮದ್ದು ಗೊಬ್ಬರದ ಅಂಗಡಿಯಲ್ಲೇ ಇದೆ. ಡ್ರಿಪ್‌ಗೆಂದು ಮಾರುವ 13-0-45 ಎಂದರೆ ಪೊಟ್ಯಾಶಿಯಂ ನೈಟ್ರೇಟ್. 30 ಗ್ರಾಂ ತೂಗಿ ಆರ್‌ಓ ನೀರಿನಲ್ಲಿ ಕರಗಿಸಿ, ಒಟ್ಟು 1 ಲೀಟರ್ ಮಾಡಿಟ್ಟುಕೊಳ್ಳಿ. 100 ಲೀಟರ್ ಟ್ಯಾಂಕಿಗೆ ಇದರ 10 ಎಂಎಲ್ ಹಾಕಿದರೆ ನೈಟ್ರೇಟ್ 2 ಪಿಪಿಎಂಗೆ ತುಸು ಕಡಿಮೆ ಏರುತ್ತದೆ. ದಿನಕ್ಕೆ ಅದಕ್ಕಿಂತ ಹೆಚ್ಚು ಬೇಡ, ಮರುದಿನ ಟೆಸ್ಟ್ ಮಾಡಿ ಮುಂದುವರಿಸಿ. 19-19-19 ಮಾತ್ರ ಮುಟ್ಟಲೇಬೇಡಿ. ಅದರಲ್ಲಿ ಅಮೋನಿಯಂ, ಯೂರಿಯಾ ಸೇರಿರುತ್ತದೆ, ಮೀನು ಸಾಯುತ್ತವೆ. ಲಘುಪೋಷಕಾಂಶ ಬೆರೆಸಿದ ಪೊಟ್ಟಣವೂ ಬೇಡ: ತಾಮ್ರ ಸ್ವಲ್ಪವೇ ಇದ್ದರೂ ಸಿಗಡಿ, ಶಂಖದ ಹುಳುಗಳಿಗೆ ವಿಷ. ನೈಟ್ರೇಟ್, ಫಾಸ್ಫೇಟ್ ಎರಡೂ ಸರಿಯಿದ್ದು ಹೊಸ ಚಿಗುರು ಮಾತ್ರ ಹಳದಿಯಾದರೆ ಕಬ್ಬಿಣದ ಕೊರತೆ ಇರಬಹುದು. ಅದಕ್ಕೆ ಅಕ್ವೇರಿಯಂಗೆಂದೇ ಬರುವ ದ್ರಾವಣ ಸಾಕು.

ನೀರಿನ ವಿಷಯದಲ್ಲಿ ಕಾರವಾರ, ಕುಮಟಾ, ಹೊನ್ನಾವರದವರು ಪುಣ್ಯವಂತರು, ಕಡಲು ಮನೆ ಪಕ್ಕದಲ್ಲೇ ಇದೆ. ಆದರೆ ಮಳೆಗಾಲದಲ್ಲಿ ಕಾಳಿ, ಅಘನಾಶಿನಿ, ಶರಾವತಿಯ ಸಿಹಿನೀರು ಅಳಿವೆ ದಾಟಿ ಹರಡಿದಾಗ ದಂಡೆಯ ನೀರು ಟ್ಯಾಂಕಿಗೆ ಆಗುವುದಿಲ್ಲ. ಜನವರಿಯಿಂದ ಮೇ ಒಳಗೆ, ತುಂಬು ಭರತದ ಹೊತ್ತಿಗೆ, ಅಳಿವೆ ಮತ್ತು ದೋಣಿ ನಿಲ್ಲುವ ಜಾಗ ಬಿಟ್ಟು ನೀರು ತುಂಬಿಕೊಳ್ಳಿ. ಮುಚ್ಚಳವಿರುವ ಡ್ರಮ್ಮಿನಲ್ಲಿ ಎರಡು ವಾರ ಕತ್ತಲಲ್ಲಿಟ್ಟು, ತಳದ ಗಸಿ ಕದಡದಂತೆ ಮೇಲಿನದನ್ನು ಬಸಿಯಿರಿ. ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು) ಇರಬೇಕು. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ನೀರಿನಿಂದ ಸೊನ್ನೆಗೆ ತಂದರೆ ಸಾಲದು, 35 ಪಿಪಿಟಿಯ ದ್ರಾವಣದಲ್ಲೂ ನೋಡಿ ಹೊಂದಿಸಿ. ಆವಿಯಾದಷ್ಟನ್ನು ತುಂಬಲು ಆರ್‌ಓ ನೀರೇ ಬೇಕು, ಉಪ್ಪುನೀರು ಹಾಕಿದರೆ ಉಪ್ಪು ಏರುತ್ತಲೇ ಹೋಗುತ್ತದೆ.

ಯಾವ ಪಾಚಿ? ಮೊದಲ ಸಲಕ್ಕೆ ಕೀಟೊಮಾರ್ಫವೇ ಸೈ. ತಂತಿಯ ಉಂಡೆಯ ಹಾಗೆ ಸಿಕ್ಕುಸಿಕ್ಕಾಗಿ ಬೆಳೆಯುತ್ತದೆ, ಕಲ್ಲಿಗೆ ಅಂಟುವುದಿಲ್ಲ, ಪೂರ್ತಿ ಎತ್ತಿ ತೆಗೆಯಬಹುದು. ನಮ್ಮ ಕಡಲಬಂಡೆಗಳ ಮೇಲೆ ಕಾಣುವ ಹಸಿರು ಹಾಳೆಯಂಥ ಉಲ್ವ ಬೇಗ ಬೆಳೆಯುತ್ತದೆ. ಅಂಚು ಬಿಳಿಯಾದರೆ ಬೀಜಕಣ ಬಿಟ್ಟಿದೆ ಎಂದು ತಿಳಿದು ಆ ಭಾಗ ಕತ್ತರಿಸಿ ತೆಗೆಯಿರಿ. ಕೆಂಪು ಗ್ರಾಸಿಲೇರಿಯ ನಿಧಾನ, ಆದರೆ ಟ್ಯಾಂಗ್ ಮೀನುಗಳಿಗೆ ಒಳ್ಳೆಯ ಮೇವು. ಸರ್ಗಾಸಮ್ ತರಬೇಡಿ, ಅಲೆಯ ಹೊಡೆತವಿಲ್ಲದೆ ಮನೆಯಲ್ಲಿ ಸೊರಗುತ್ತದೆ. ಬಂಡೆಯಿಂದ ತರುವುದಾದರೆ ಒಂದು ಮುಷ್ಟಿ ಸಾಕು; ಬುಡ ಕೀಳದೆ ಮೇಲಿನದನ್ನು ಮಾತ್ರ ಚಿವುಟಿ. ಹವಳದ ಕಲ್ಲಿಗೆ ಕೈ ಹಾಕಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹವಳಕ್ಕೆ ರಕ್ಷಣೆಯಿದೆ.

ಕೀಟೊವನ್ನು ಸಂಪಿನ (ಟ್ಯಾಂಕಿನ ನೀರು ಹರಿದುಬಂದು ಪಂಪಿನಿಂದ ಮರಳುವ ಪಕ್ಕದ ತೊಟ್ಟಿ) ಒಂದು ಖಾನೆಯಲ್ಲಿಟ್ಟು, ಉಂಡೆ ಮೆಲ್ಲಗೆ ಉರುಳುವಷ್ಟು ನೀರಿನ ಸೆಳೆತ ಕೊಡಿ. ಉರುಳದಿದ್ದರೆ ಮೇಲ್ಭಾಗ ಹಸಿರಾಗಿದ್ದು ಅಡಿಭಾಗ ಕಂದಾಗಿ ಕೊಳೆಯುತ್ತದೆ. 6500 ಕೆಲ್ವಿನ್‌ನ 20 ವ್ಯಾಟ್ ಫ್ಲಡ್‌ಲೈಟ್ 40 ಲೀಟರ್ ಖಾನೆಗೆ ಸಾಕು. ಟ್ಯಾಂಕಿನ ಲೈಟ್ ಆರಿದ ಮೇಲೆ ಇದು ಹೊತ್ತಿಕೊಳ್ಳುವಂತೆ ಟೈಮರ್ ಇಟ್ಟರೆ ರಾತ್ರಿ ಪಿಎಚ್ ಅಷ್ಟಾಗಿ ಕುಸಿಯುವುದಿಲ್ಲ. ಮಳೆಗಾಲದಲ್ಲಿ ರಾತ್ರಿ ಕರೆಂಟ್ ಹೋದಾಗ ಪಾಚಿಯೂ ಮೀನಿನೊಂದಿಗೆ ಆಮ್ಲಜನಕ ಬಳಸುತ್ತದೆ, ಹಾಗಾಗಿ ಬ್ಯಾಟರಿ ಏರ್ ಪಂಪ್ ಇಲ್ಲದೆ ಇರಬೇಡಿ.

ಕೊಯ್ಲನ್ನು ಮುಂದೂಡಬೇಡಿ. ಹೀರಿದ ನೈಟ್ರೇಟ್ ಟ್ಯಾಂಕಿನಿಂದ ಹೊರಹೋಗುವುದು ಪಾಚಿ ನಿಮ್ಮ ಕೈಯಲ್ಲಿ ಹೊರಬಂದಾಗ ಮಾತ್ರ. ಖಾನೆ ತುಂಬುತ್ತ ಬಂದಾಗ ಉಂಡೆಯನ್ನು ಟ್ಯಾಂಕಿನ ನೀರಿರುವ ಬಿಳಿ ಟ್ರೇಯಲ್ಲಿ ಜಾಲಾಡಿಸಿ. ಅಕ್ಕಿಕಾಳಿಗಿಂತ ಚಿಕ್ಕ, ಸಿಗಡಿಯಂಥ ಆಂಫಿಪಾಡ್‌ಗಳು ಬಾಗಿದ ಬೆನ್ನಿನಲ್ಲಿ ಅಡ್ಡಡ್ಡ ಓಡುವುದು ಕಾಣುತ್ತದೆ. ಅವನ್ನು ಟ್ರೇ ನೀರಿನ ಸಮೇತ ಮತ್ತೆ ಸಂಪಿಗೆ ಬಿಡಿ, ಮೀನಿಗೆ ಅವೇ ಜೀವಂತ ಆಹಾರ. ಮೂರನೇ ಒಂದು ಪಾಲು ಕಿತ್ತು ತೆಗೆದು ಉಳಿದದ್ದನ್ನು ಸಡಿಲಿಸಿ ಇಡಿ.

ಬಳ್ಳಿಯಂತೆ ಹಬ್ಬುವ ಹಸಿರು ಕಡಲಪಾಚಿ ಕಾಲರ್ಪದ ರೀತಿಯೇ ಬೇರೆ. ಎಷ್ಟೇ ಉದ್ದದ ಬಳ್ಳಿಯಾದರೂ ಒಳಗೆ ಗೋಡೆಗಳಿಲ್ಲದ ಒಂದೇ ಜೀವಕೋಶ. ನಡುವೆ ಕತ್ತರಿಸಿದರೆ ರಸ ಸೋರುತ್ತದೆ. ಬೇರಿನಂಥ ಎಳೆಗಳನ್ನು ಮರಳಿನಿಂದ ಬಿಡಿಸಿ, ಓಟಬಳ್ಳಿಯನ್ನು ಆದಷ್ಟು ಇಡಿಯಾಗಿ ಎಳೆಯಬೇಕು. ಸಂಜೆಗೆ ಎಲೆಯ ಹಸಿರು ಬಲೆಬಲೆಯಾಗಿ ಒಡೆದು, ತುದಿಗಳು ಗಾಜಿನಂತೆ ಪಾರದರ್ಶಕವಾದರೆ ಆ ರಾತ್ರಿಯೇ ಎಲ್ಲ ತೆಗೆದುಬಿಡಿ. ಬಿಟ್ಟರೆ ಬೆಳಗಿನ ಜಾವ ಲಿಂಗಕಣಗಳನ್ನು ಬಿಟ್ಟು ಸಾಯುತ್ತದೆ, ನೀರು ಹಸಿರಾಗಿ ಕದಡಿ ಆಮ್ಲಜನಕ ಇಳಿಯುತ್ತದೆ. ಆಗ ಏರ್ ಸ್ಟೋನ್, ನೊರೆಯೊಂದಿಗೆ ಕೊಳೆ ತೆಗೆಯುವ ಸ್ಕಿಮ್ಮರ್, ಆಕ್ಟಿವೇಟೆಡ್ ಕಾರ್ಬನ್ ಮೂರನ್ನೂ ಓಡಿಸಿ ಕಾಲುಭಾಗ ನೀರು ಬದಲಿಸಿ.

ತೆಗೆದ ಪಾಚಿ ಚರಂಡಿಗಾಗಲಿ ಹೊಳೆಗಾಗಲಿ ಹೋಗಕೂಡದು, ಅಂಗಡಿಯಿಂದ ಕೊಂಡದ್ದಂತೂ ಖಂಡಿತ ಬೇಡ. 1984ರಲ್ಲಿ ಮೊನಾಕೊದ ಸಮುದ್ರ ಮ್ಯೂಸಿಯಂ ಕೆಳಗಿನ ನೀರಿನಲ್ಲಿ ಕಂಡ ಕಾಲರ್ಪ ಟ್ಯಾಕ್ಸಿಫೋಲಿಯ ಆಮೇಲೆ ಮೆಡಿಟರೇನಿಯನ್ ತಳದಲ್ಲಿ ದೂರದೂರಕ್ಕೆ ಹಬ್ಬಿತು. ಒಂದು ತುಂಡು ಸಾಕು ಅದಕ್ಕೆ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಬಕೆಟ್ಟಿನ ಸಿಹಿನೀರಿನಲ್ಲಿ ಉಪ್ಪು ತೊಳೆದು ತೆಂಗಿನ ಬುಡಕ್ಕೆ ಹಾಕಿ.