ಬಿಬಿಸಿ ಮೈಕ್ರೋಗೆ ಎಸ್‌ಡಿ ಕಾರ್ಡ್

ಕಲಬುರಗಿಯ ನಮ್ಮ ಮನೆಯಲ್ಲಿರುವ ಬಿಬಿಸಿ ಮೈಕ್ರೋ, 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಡಿ ದೇಶದ ಶಾಲೆಗಳಿಗೆ ಬಂದ ಮಾದರಿಯ ಕಂಪ್ಯೂಟರ್. ಅದರಲ್ಲಿರುವುದು 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್ ಮತ್ತು 32 ಕಿಲೋಬೈಟ್ ರ‍್ಯಾಮ್. ಯಂತ್ರ ಗಟ್ಟಿಯಾಗಿದ್ದರೂ ಫ್ಲಾಪಿಗಳು ಓದಲಾಗದ ಸ್ಥಿತಿಗೆ ಬಂದಿದ್ದರಿಂದ ಎಸ್‌ಡಿ ಕಾರ್ಡ್ ಜೋಡಿಸಲು ನಿರ್ಧರಿಸಿದೆ.

ಎಸ್‌ಡಿ ಕಾರ್ಡ್‌ಗಳು ಎಸ್‌ಪಿಐ ಎಂಬ ಸರಳ ವಿಧಾನದಲ್ಲಿಯೂ ವ್ಯವಹರಿಸುವುದರಿಂದ, ಯಂತ್ರದ ತಳಭಾಗದಲ್ಲಿರುವ, ಹೊರಗಿನ ಸಾಧನಗಳನ್ನು ಜೋಡಿಸುವ ಯೂಸರ್ ಪೋರ್ಟನ್ನು ನಿಯಂತ್ರಿಸುವ 6522 ಚಿಪ್ಪಿನ ಮೂಲಕ ಒಂದೊಂದೇ ಬಿಟ್‌ನಂತೆ ಮಾಹಿತಿಯನ್ನು ಕಳುಹಿಸಿ ಪಡೆಯಬಹುದು. ಆದರೆ ಕಂಪ್ಯೂಟರಿನ ಸಂಕೇತಗಳು 5 ವೋಲ್ಟಿನವು, ಕಾರ್ಡ್ ಬೇಡುವುದು 3.3 ವೋಲ್ಟ್, ನಡುವೆ ವೋಲ್ಟೇಜ್ ಇಳಿಸುವ ಸರ್ಕ್ಯೂಟ್ ಇಲ್ಲದೆ ಜೋಡಿಸಿದರೆ ಕಾರ್ಡನ್ನು ಕೈಯಾರೆ ಸುಟ್ಟಂತೆಯೇ. ಕಾರ್ಡನ್ನು ಡಿಸ್ಕ್‌ನಂತೆ ಬಳಸಲು ನೆರವಾಗುವ ಎಂಎಂಎಫ್‌ಎಸ್ ತಂತ್ರಾಂಶವನ್ನು ಬರೆದ ರೋಮ್ ಚಿಪ್ಪನ್ನು ಖಾಲಿ ಸಾಕೆಟ್‌ನಲ್ಲಿ ಕೂರಿಸಿದ ಮೇಲೆ, ತಲಾ 200 ಕಿಲೋಬೈಟಿನ 511 ಫ್ಲಾಪಿ ಡಿಸ್ಕ್‌ಗಳ ಪ್ರತಿಗಳು ಕಾರ್ಡಿನ ಒಂದೇ ಕಡತದಲ್ಲಿ ಅಡಗುತ್ತವೆ.

ಪವರ್ ಸಪ್ಲೈನ ಹಳೆಯ ಕೆಪಾಸಿಟರ್‌ಗಳು ಬಿರುಕುಬಿಟ್ಟು ಹೊಗೆಯುಗುಳುವುದು ಈ ಮಾದರಿಯ ಪ್ರಸಿದ್ಧ ಕಾಯಿಲೆ. ನಮ್ಮ ಬೇಸಿಗೆಯ ಬಿಸಿಲನ್ನು ನೆನೆದು ಅವನ್ನು ಮೊದಲೇ ಬದಲಿಸಿದ್ದೆ. ಹಳೆಯ ಯಂತ್ರದ ಕವಚಕ್ಕೆ ರಂಧ್ರ ಕೊರೆಯುವುದು ನನಗೆ ಒಗ್ಗದ ಕೆಲಸ. ಇಲ್ಲಿ ಅದರ ಅಗತ್ಯವೂ ಬೀಳಲಿಲ್ಲ, ರಿಬ್ಬನ್ ಕೇಬಲ್ ತಳದಿಂದಲೇ ಹೊರಬರುತ್ತದೆ.